ಊರಿನ ಗ್ರಂಥಾಲಯಕ್ಕೆ ಊರಿನ ಅಂಗಡಿಯ ಪುಸ್ತಕ: ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ಹಾಗೂ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ನಿರ್ದೇಶಕರಿಗೆ

ಮಾನ್ಯರೇ,

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಪುಸ್ತಕದಂಗಡಿ ನಡೆಸುತ್ತೇನೆ. ಸಹಾಯಧನ ಬೇಡಲು ಬರೆದ ಪತ್ರ ಇದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹಾಗಾದರೂ ನಿಮ್ಮ ಆಪ್ತ ಸಹಾಯಕರು ಎರಡನೇ ಪುಟ ತಿರುಗಿಸಿಯಾರು. ಬಾಡಿಗೆ ಮನ್ನಾ, ಸಾಲ ಮನ್ನಾ, ನವೆಂಬರ್ ತಿಂಗಳಲ್ಲಿ ಶಾಲು-ಹಾರ ಯಾವುದೂ ಬೇಡ. ಕೇಳಿಕೆ ಒಂದೇ. ನಮ್ಮ ಸುತ್ತಲಿನ ಸರ್ಕಾರಿ ಗ್ರಂಥಾಲಯಗಳಿಗೆ ಬೇಕಾದ ಪುಸ್ತಕಗಳಲ್ಲಿ ಒಂದು ಪಾಲನ್ನಾದರೂ ಅಲ್ಲಿನವರೇ ನಮ್ಮಂಥ ಅಂಗಡಿಗೆ ಬಂದು, ಕೈಯಲ್ಲಿ ಹಿಡಿದು, ನಾಲ್ಕು ಪುಟ ಓದಿ ನೋಡಿ, ಆರಿಸಿ, ಬಿಲ್ ಮಾಡಿಸಿಕೊಂಡು ಒಯ್ಯುವಂತಾಗಬೇಕು.

ಇದನ್ನು ಕೇಳುವ ಹಕ್ಕು ನನಗೆಲ್ಲಿಂದ ಬಂತು ಎನ್ನುವುದಾದರೆ, ಮನೆಯ ಆಸ್ತಿ ತೆರಿಗೆಯ ರಸೀದಿಯಿಂದ. ತೆರಿಗೆಯ ಮೊತ್ತದ ಕೆಳಗೆ ಸಾಲಾಗಿ ಉಪಕರಗಳಿವೆ: ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3. ಪುಸ್ತಕವನ್ನು ಆಸ್ಪತ್ರೆಗೂ ಭಿಕ್ಷೆಗೂ ನಡುವೆ ಕೂರಿಸಿದವರು ಯಾರೋ ಗೊತ್ತಿಲ್ಲ, ನಮ್ಮ ವ್ಯಾಪಾರವನ್ನು ಚೆನ್ನಾಗಿ ಬಲ್ಲವರೇ ಇರಬೇಕು. ನಮ್ಮ ಊರಿನ ಬೇಕರಿಯವರು, ಮೆಕ್ಯಾನಿಕ್ಕು, ನಿವೃತ್ತ ಮೇಷ್ಟರು, ಜೀವಮಾನದಲ್ಲಿ ಒಂದು ಪುಸ್ತಕವನ್ನೂ ಕೊಳ್ಳದ ಅಡಿಕೆ ವ್ಯಾಪಾರಿ, ಎಲ್ಲರೂ ಗ್ರಂಥಾಲಯಕ್ಕೆಂದು ದುಡ್ಡು ಕಟ್ಟುತ್ತಾರೆ. ಊರೂರಿನಿಂದ ಹೀಗೆ ಸೇರುವ ಹಣ ಸಣ್ಣದಲ್ಲ. ರಾಜಧಾನಿಯ ಪಾಲಿಕೆಯೊಂದೇ ಇಲಾಖೆಗೆ ದಾಟಿಸದೆ ಉಳಿಸಿಕೊಂಡ ಉಪಕರದ ಬಾಕಿ ನೂರಾರು ಕೋಟಿಯ ಲೆಕ್ಕದಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸುದ್ದಿಯಾಗಿದೆ. ಆ ಬಾಕಿಯ ವಸೂಲಿ ನಿಮ್ಮ ತಲೆನೋವು. ನನ್ನ ಮಾತು ವಸೂಲಾದ ಹಣದ ಬಗ್ಗೆ.

ಆ ಹಣ ಪುಸ್ತಕವಾಗಿ ತಿರುಗುವ ದಾರಿಯನ್ನು ನಿಮಗೆ ವಿವರಿಸುವುದು ಅಧಿಕಪ್ರಸಂಗ. ಆದರೆ ಬಹಿರಂಗ ಪತ್ರವಾದ್ದರಿಂದ ಓದುಗರಿಗೂ ಗೊತ್ತಿರಲಿ. ಇಲಾಖೆ ಸಗಟು ಖರೀದಿಗೆ ಅರ್ಜಿ ಕರೆಯುತ್ತದೆ. ಇಂಥ ವರ್ಷ ಪ್ರಥಮ ಮುದ್ರಣವಾಗಿ ಪ್ರಕಟವಾದ ಪುಸ್ತಕಗಳನ್ನು ಪ್ರಕಾಶಕರು, ಲೇಖಕರು ಸಲ್ಲಿಸುತ್ತಾರೆ. ಆಯ್ಕೆ ಸಮಿತಿ ಕೂರುತ್ತದೆ. ಆಯ್ಕೆಯಾದ ಪುಸ್ತಕದ 300 ಪ್ರತಿಗಳಿಗೆ ಆದೇಶ ಬರುತ್ತದೆ. ಬೆಲೆ ಮಾತ್ರ ಪುಸ್ತಕದ ಮೇಲೆ ಅಚ್ಚಾದದ್ದಲ್ಲ, ಡೆಮಿ 1/8 (ಸಾಮಾನ್ಯ ಪುಸ್ತಕದ ಅಳತೆ) ಆಕಾರದ ಒಂದು ಪುಟಕ್ಕೆ ಇಷ್ಟು ಪೈಸೆ ಎಂದು ಇಲಾಖೆ ಕಟ್ಟಿದ್ದು. ಅಲ್ಲಿಂದ ಕಟ್ಟುಗಳು ಹೊರಟು, ಎಷ್ಟೋ ಕಾಲದ ಮೇಲೆ ಯಾವುದೋ ಊರಿನ ಯಾವುದೋ ಕಪಾಟು ಸೇರುತ್ತವೆ.

ಈ ದಾರಿಯಲ್ಲಿ ಎರಡು ಸ್ಥಳಗಳನ್ನು ಬಿಟ್ಟು ಹೋಗಲಾಗಿದೆ. ಒಂದು, ಪುಸ್ತಕದಂಗಡಿ. ಇನ್ನೊಂದು, ಪುಸ್ತಕ ಕೊನೆಗೆ ಯಾರ ಕೈಗೆ ಹೋಗಬೇಕೋ ಅವರ ಬೇಡಿಕೆ.

ನಮ್ಮ ಊರಿಗೆ ಹತ್ತಿರದ ಹಳ್ಳಿಯೊಂದರ ಗ್ರಂಥಾಲಯದ ಮೇಲ್ವಿಚಾರಕಿ ಸಂತೆಯ ದಿನ ಅಂಗಡಿಗೆ ಬರುತ್ತಾರೆ. ಸೊಪ್ಪಿನ ಚೀಲವನ್ನು ಗಲ್ಲಾದ ಪಕ್ಕ ಒರಗಿಸಿ, ಪರ್ಸಿನಿಂದ ನಾಲ್ಕಾಗಿ ಮಡಿಸಿದ ಚೀಟಿ ತೆಗೆಯುತ್ತಾರೆ. ನೋಟ್‌ಬುಕ್ಕಿನಿಂದ ಹರಿದ ಹಾಳೆ, ಅದರಲ್ಲಿ ಬೇರೆ ಬೇರೆ ಮಕ್ಕಳ ಕೈಬರಹ. ಹಾವುಗಳ ಬಣ್ಣದ ಪುಸ್ತಕ. ಚೆಸ್ ಆಡುವುದು ಹೇಗೆ. ರಾಕೆಟ್. ಒಬ್ಬ ಹುಡುಗಿ ಬರೆದದ್ದು: ‘ದೆವ್ವದ ಕಥೆ, ಆದರೆ ತುಂಬಾ ಹೆದರಿಸಬಾರದು’. ಕೊನೆಯ ಸಾಲು ದೊಡ್ಡವರ ಅಕ್ಷರದಲ್ಲಿ, ಪಿಡಿಒ ಪರೀಕ್ಷೆಯ ಗೈಡು. ನಾನು ಒಂದೊಂದೇ ತೆಗೆದು ಮೇಜಿನ ಮೇಲಿಡುತ್ತೇನೆ. ಅವರು ಹಾವಿನ ಪುಸ್ತಕದ ಪುಟ ತಿರುಗಿಸಿ, ನಾಗರಹಾವಿನ ಚಿತ್ರದ ಮೇಲೆ ಬೆರಳಿಟ್ಟು, “ಇದನ್ನು ಕಂಡರೆ ನಮ್ಮ ಹುಡುಗರು ಜಗಳಕ್ಕೇ ಬೀಳುತ್ತಾರೆ ಅಕ್ಕ” ಎನ್ನುತ್ತಾರೆ. ಆಮೇಲೆ ಹಿಂಬದಿಯ ಬೆಲೆ ನೋಡುತ್ತಾರೆ. ಆಮೇಲೆ ಪುಸ್ತಕವನ್ನು ಮೇಜಿನ ಮೇಲೆ ನೇರವಾಗಿ ಜೋಡಿಸಿ ಇಡುತ್ತಾರೆ. ಪುಸ್ತಕ ಕೊಳ್ಳುವುದು ಅವರ ಕೈಯಲ್ಲಿಲ್ಲ. ಮೇಲಿನಿಂದ ಬಂದದ್ದನ್ನು ನೋಂದಣಿ ಪುಸ್ತಕದಲ್ಲಿ ಬರೆದುಕೊಳ್ಳುವುದಷ್ಟೇ ಅವರ ಕೆಲಸ. ಆ ದಿನ ಸ್ವಂತ ದುಡ್ಡು ಕೊಟ್ಟು ದೆವ್ವದ ಕಥೆಯನ್ನು ಒಯ್ದರು.

ಮೇಲಿನಿಂದ ಇತ್ತೀಚೆಗೆ ಬಂದ ಕಟ್ಟಿನಲ್ಲಿ ಏನಿತ್ತು ಎಂದು ಕೇಳಿದೆ. ಒಂದು ಪಿಎಚ್.ಡಿ. ಪ್ರಬಂಧ, ಒಂದು ಅಭಿನಂದನ ಗ್ರಂಥ, ಕವನ ಸಂಕಲನಗಳು, ಹಳೆಯ ಉಪನ್ಯಾಸಗಳ ಸಂಗ್ರಹ. ಇವು ಕೆಟ್ಟ ಪುಸ್ತಕಗಳೆಂದು ನಾನು ಹೇಳುತ್ತಿಲ್ಲ. ಪ್ರಬಂಧ ಬೇಕಾದವರು ವಿಶ್ವವಿದ್ಯಾಲಯದ ಊರಿನಲ್ಲಿದ್ದಾರೆ, ಹಾವು ಬೇಕಾದವರು ಈ ಹಳ್ಳಿಯಲ್ಲಿದ್ದಾರೆ. ಪ್ರತಿ ಆಗಸ್ಟ್ 12ರಂದು ಗ್ರಂಥಾಲಯಗಳಲ್ಲಿ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೀರಿ. 1931ರಲ್ಲೇ ಅವರು ಬರೆದಿಟ್ಟ ಐದು ಸೂತ್ರಗಳಲ್ಲಿ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದೊಂದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದೊಂದು. ಅವರು ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಹಾರದ ಖರ್ಚಿನಲ್ಲಿ ಒಂದು ಹಾವಿನ ಪುಸ್ತಕ ಬರುತ್ತದೆ.

ಸಗಟು ಖರೀದಿಯನ್ನೇ ನಿಲ್ಲಿಸಿ ಎಂದು ನಾನು ಹೇಳಲಾರೆ. ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚು ಹಾಕುವುದೇ ದೊಡ್ಡ ಮಾತು, ಈಗ ಐನೂರಕ್ಕೆ ಇಳಿದವರೂ ಇದ್ದಾರೆ. ಅಂಥಲ್ಲಿ 300 ಪ್ರತಿ ಒಟ್ಟಿಗೆ ಹೋಗುತ್ತದೆಂದರೆ ಸಣ್ಣ ಪ್ರಕಾಶಕನ ಅಚ್ಚಿನ ಖರ್ಚು ಹುಟ್ಟುತ್ತದೆ. ಅವರು ಮುಳುಗಿದರೆ ನಾನು ಮಾರುವುದಾದರೂ ಏನನ್ನು? ಆದರೆ ಅದೇ 300 ಪ್ರತಿಯ ನಂಬಿಕೆಯಿಂದ ಇನ್ನೊಂದು ತಳಿಯೂ ಹುಟ್ಟಿಕೊಂಡಿದೆ. ಗ್ರಂಥಾಲಯಕ್ಕೆಂದೇ ಅಚ್ಚಾಗಿ, ಗ್ರಂಥಾಲಯಕ್ಕೇ ಹೋಗಿ, ಅಂಗಡಿಯ ಮುಖವನ್ನೇ ನೋಡದ ಪುಸ್ತಕಗಳ ಬಗ್ಗೆ ನಮ್ಮ ವ್ಯಾಪಾರದಲ್ಲಿರುವ ಯಾರನ್ನು ಕೇಳಿದರೂ ನಗುತ್ತಾರೆ. ಪುಟಕ್ಕಿಷ್ಟು ಎಂದು ಬೆಲೆ ಕಟ್ಟಿದರೆ ಪುಟಗಳು ಹೆಚ್ಚುತ್ತವೆ. ಅಕ್ಷರ ದಪ್ಪಗಾಗುತ್ತದೆ, ಅಂಚು ಅಗಲವಾಗುತ್ತದೆ, ಅಧ್ಯಾಯಕ್ಕೊಂದು ಖಾಲಿ ಹಾಳೆ ಬರುತ್ತದೆ. ಇತ್ತ ಮಕ್ಕಳಿಗಾಗಿ ಬಣ್ಣದ ಚಿತ್ರಗಳಿರುವ ಮೂವತ್ತೆರಡು ಪುಟದ ಪುಸ್ತಕ ಮಾಡುವವನು ಪುಟದ ಲೆಕ್ಕದಲ್ಲಿ ಸೋತುಹೋಗುತ್ತಾನೆ. ಬೆಲೆ ಕಟ್ಟುವ ಕ್ರಮವೇ ಯಾವ ಪುಸ್ತಕ ಹುಟ್ಟಬೇಕು, ಯಾವುದು ಹುಟ್ಟಬಾರದು ಎಂದು ತೀರ್ಮಾನಿಸುತ್ತಿದೆ. ಈ ದರವನ್ನು ಏರಿಸಿ ಎಂದು ಪ್ರಕಾಶಕರು ವರ್ಷಗಳಿಂದ ಕೇಳುತ್ತಿದ್ದಾರೆ, ಅದು ನ್ಯಾಯವೇ. ದರ ಏರಿದರೂ ಹಾವಿನ ಪುಸ್ತಕ ಆ ಹಳ್ಳಿಗೆ ಬರುವುದಿಲ್ಲ ಎಂಬುದು ನನ್ನ ತಕರಾರು.

ಪ್ರಥಮ ಮುದ್ರಣ ಎಂಬ ಷರತ್ತನ್ನೂ ನೋಡಿ. ಇಪ್ಪತ್ತು ವರ್ಷ ಕೈಯಿಂದ ಕೈಗೆ ಹೋಗಿ, ಬೈಂಡು ಕಿತ್ತು, ಮೊದಲ ಹದಿನಾರು ಪುಟ ಕಳೆದುಹೋದ ಕಾದಂಬರಿ ಯಾವ ಗ್ರಂಥಾಲಯದಲ್ಲಿಲ್ಲ? ಓದುಗರು ನಿಜವಾಗಿ ಓದಿದ್ದಕ್ಕೆ ಅದೇ ಸಾಕ್ಷಿ. ಅದರ ಹೊಸ ಮುದ್ರಣ ನನ್ನ ಕಪಾಟಿನಲ್ಲಿ ನಿಂತಿದೆ. ಸಗಟು ಖರೀದಿಯ ದಾರಿಯಲ್ಲಿ ಅದಕ್ಕೆ ಪ್ರವೇಶವಿಲ್ಲ, ಅದು ಮರುಮುದ್ರಣ. ಯಾರೂ ಓದಿರದ ಪುಸ್ತಕಕ್ಕೆ ದಾರಿಯಿದೆ, ಓದಿ ಓದಿ ಹರಿದದ್ದಕ್ಕೆ ಇಲ್ಲ.

ಇನ್ನು ಸಮಯದ ಮಾತು. 2025ರ ಮೇ 21ರ ಬೆಳಿಗ್ಗೆ, ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದ ಸುದ್ದಿ ಲಂಡನ್ನಿನಿಂದ ಬಂದಾಗ, ನಾನು ಬಾಗಿಲು ತೆಗೆಯುವ ಮೊದಲೇ ಇಬ್ಬರು ನಿಂತಿದ್ದರು. ಒಬ್ಬರು ಕಾಲೇಜಿನ ಹುಡುಗಿ, ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಇಬ್ಬರಿಗೂ ಕನ್ನಡದ ಮೂಲವೇ ಬೇಕಿತ್ತು. ದೀಪಾ ಭಾಸ್ತಿ ಅವರ ಅನುವಾದ ಬೇಕೆಂದವರು ಮಧ್ಯಾಹ್ನದ ಮೇಲೆ ಬಂದರು. ಇದ್ದ ಪ್ರತಿಗಳು ಅಂದೇ ಖಾಲಿ. ಪ್ರಕಾಶಕರಿಗೆ ಫೋನ್ ಮಾಡಿದರೆ ಅವರದೂ ಖಾಲಿ, ಮುದ್ರಣಾಲಯದಲ್ಲಿ ಸರತಿ. ಅದೇ ವರ್ಷ ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತೀರಿಕೊಂಡ ಸುದ್ದಿ ಬಂದ ಸಂಜೆಯೂ ಹಾಗೆಯೇ. ಅವರನ್ನು ಒಪ್ಪುವವರು ಬಂದರು, ಒಪ್ಪದೆ ಜಗಳವಾಡುತ್ತಲೇ ಎಲ್ಲವನ್ನೂ ಓದಿದವರೂ ಬಂದರು, ಇಬ್ಬರೂ ಕಪಾಟಿನ ಮುಂದೆ ನಿಂತು ವಾದಕ್ಕಿಳಿದರು, ನಾನು ಚಹಾ ತರಿಸಬೇಕಾಯಿತು. ಅಂಗಡಿಗೆ ಇಂಥ ದಿನಗಳೇ ಹಬ್ಬ. ಊರು ಏನನ್ನು ಓದಲು ಬಯಸುತ್ತದೆ ಎಂಬುದು ಆ ಬೆಳಿಗ್ಗೆಯೇ ನಮಗೆ ಗೊತ್ತಾಗುತ್ತದೆ, ಸಂಜೆಯೊಳಗೆ ಬಂಡಲ್ ಬಸ್ ಹತ್ತಿಸಲು ಹೇಳುತ್ತೇವೆ. ಕೊಳ್ಳಲು ದುಡ್ಡಿಲ್ಲದವರು ಆ ವಾರ ಗ್ರಂಥಾಲಯಕ್ಕೆ ಹೋದರೆ? ಅರ್ಜಿ, ಸಮಿತಿ, ಆದೇಶ, ಸರಬರಾಜು ಎಲ್ಲ ಮುಗಿಯುವ ಹೊತ್ತಿಗೆ ಆ ಕಾಲೇಜಿನ ಹುಡುಗಿಗೆ ಮದುವೆಯಾಗಿ ಮಗುವಿರುತ್ತದೆ. ಕೊರೋನಾ ನಂತರ ಸಗಟು ಖರೀದಿ ಎಷ್ಟು ವರ್ಷ ಹಿಂದೆ ಬಿದ್ದಿತೆಂದು ಪ್ರಕಾಶಕರು ಬೀದಿಗಿಳಿದು ಹೇಳಿದ್ದಾರೆ, ನಾನು ಮತ್ತೆ ಹೇಳಬೇಕಿಲ್ಲ.

ಅಂಗಡಿಗಳಿಗೆ ಇದರಿಂದ ಏನು ಸಿಗುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. 200 ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ನಮ್ಮಂಥ ಸಣ್ಣವರಿಗೆ ಪ್ರಕಾಶಕರು ಕೊಡುವ ರಿಯಾಯಿತಿ ಶೇ. 30, ಹೆಚ್ಚು ಪ್ರತಿ ತರಿಸಿದರೆ 35. ಅಂದರೆ ನನಗೆ ಬೀಳುವುದು 130ರಿಂದ 140. ಗಿರಾಕಿ ಶೇ. 10 ಬಿಡಿ ಎನ್ನುತ್ತಾರೆ, ಬಿಡುತ್ತೇನೆ. ಉಳಿದ ನಲವತ್ತು-ಐವತ್ತರಲ್ಲಿ ಲಾರಿ ಪಾರ್ಸೆಲ್ಲು, ಬಾಡಿಗೆ, ಕರೆಂಟು, ಸಹಾಯಕ್ಕಿರುವ ಹುಡುಗನ ಸಂಬಳ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಪ್ರತಿಗಳ ನಷ್ಟ. ವಾಪಸ್ ತೆಗೆದುಕೊಳ್ಳುವ ಪ್ರಕಾಶಕರಿದ್ದಾರೆ, ವಾಪಸ್ ಎಂದರೆ ಫೋನ್ ಎತ್ತದವರೂ ಇದ್ದಾರೆ. ನಿಜ ಹೇಳಬೇಕೆಂದರೆ ಅಂಗಡಿಯ ಬಾಡಿಗೆ ಹುಟ್ಟುವುದು ನೋಟ್‌ಬುಕ್ಕು ಮತ್ತು ಗೈಡುಗಳಿಂದ. ಕಾದಂಬರಿ, ಕಥೆ, ವಿಜ್ಞಾನದ ಕಪಾಟುಗಳನ್ನು ಗೈಡುಗಳು ಸಾಕುತ್ತಿವೆ. ಆನ್‌ಲೈನಿನ ದೊಡ್ಡ ಕಂಪನಿಗಳು ಒಮ್ಮೊಮ್ಮೆ ನನ್ನ ಖರೀದಿ ಬೆಲೆಗಿಂತ ಕಡಿಮೆಗೆ ಮಾರುತ್ತವೆ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ಬೆಳೆಸುವುದಿಲ್ಲ.

ಕೇಂದ್ರದವರ ಉಪಕಾರವನ್ನೂ ಇಲ್ಲೇ ದಾಖಲಿಸಬೇಕು, ನಿಮ್ಮ ಕೈಯಲ್ಲಿಲ್ಲದಿದ್ದರೂ. 2024ರ ಡಿಸೆಂಬರ್‌ನಲ್ಲಿ, ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನದ ಚಪ್ಪರ ಏಳುತ್ತಿದ್ದ ದಿನಗಳಲ್ಲೇ, ಪುಸ್ತಕಗಳಿಗಿದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ ಸದ್ದಿಲ್ಲದೆ ತೆಗೆದುಹಾಕಿತು. ದೇಶದ ಪ್ರಕಾಶಕರೆಲ್ಲ ಗದ್ದಲವೆಬ್ಬಿಸಿದ ಮೇಲೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಹೊಸ ಹೆಸರಿನಲ್ಲಿ ಇನ್ನೊಂದು ಸೇವೆ ಬಂತು. 300 ಗ್ರಾಂಗೆ 20 ರೂಪಾಯಿಯಿಂದ ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ನಡುವಿನ ತಿಂಗಳುಗಳಲ್ಲಿ ಹಳ್ಳಿಯ ಓದುಗರಿಗೆ ಒಂದೊಂದು ಪುಸ್ತಕ ಕಳಿಸುವ ಕೆಲಸವೇ ನಿಂತಿತ್ತು. ಆಮೇಲೆ ಸೆಪ್ಟೆಂಬರ್ 22ರಿಂದ ಅಚ್ಚಿನ ಕಾಗದದ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿತು. ಪುಸ್ತಕಕ್ಕೆ ತೆರಿಗೆ ಇಲ್ಲ ಎಂದು ಭಾಷಣದಲ್ಲಿ ಹೇಳುತ್ತಾರೆ, ಸತ್ಯವೇ. ತೆರಿಗೆ ಇಲ್ಲದ್ದರಿಂದಲೇ ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ಪ್ರಕಾಶಕ ಎಲ್ಲೂ ವಜಾ ಮಾಡಿಕೊಳ್ಳುವಂತಿಲ್ಲ. ಅದು ಮುಖಬೆಲೆಯೊಳಗೆ ಕೂತು ಓದುಗನ ಜೇಬಿನಿಂದ ಹೋಗುತ್ತದೆ.

ಇದನ್ನೆಲ್ಲ ಹೇಳಿದ್ದು ಕಣ್ಣೀರಿಗಲ್ಲ, ಒಂದು ಲೆಕ್ಕಕ್ಕೆ. ನಮ್ಮ ತಾಲ್ಲೂಕಿನ ಒಂದೊಂದು ಗ್ರಂಥಾಲಯವೂ ವರ್ಷಕ್ಕೆ ಹತ್ತು ಸಾವಿರ ರೂಪಾಯಿಯ ಪುಸ್ತಕವನ್ನು ಇಲ್ಲಿಯೇ ಆರಿಸಿಕೊಂಡರೆ, ಸರ್ಕಾರಕ್ಕೆ ಹೊಸ ಖರ್ಚಿಲ್ಲ, ಖರ್ಚಾಗುವ ಹಣವೇ ದಾರಿ ಬದಲಿಸುತ್ತದೆ. ನನಗೆ ಮಾತ್ರ ಗೈಡುಗಳ ಹಂಗು ಕಡಿಮೆಯಾಗುತ್ತದೆ. ಹತ್ತು ಗ್ರಂಥಾಲಯಗಳು ಕೇಳಿಯಾವು ಎಂಬ ಧೈರ್ಯವಿದ್ದರೆ ಮಕ್ಕಳ ಪುಸ್ತಕಕ್ಕೆಂದೇ ಒಂದು ಕಪಾಟು ಹೆಚ್ಚಿಗೆ ಹಾಕಿಸುತ್ತೇನೆ. ಆ ಕಪಾಟಿಗೆ ಊರಿನ ತಾಯಂದಿರೂ ಬರುತ್ತಾರೆ.

ನೆರೆಯ ಕೇರಳದಲ್ಲಿ ಇದು ಹೊಸ ಮಾತಲ್ಲ. ಅಲ್ಲಿ ಜಿಲ್ಲಾ ಲೈಬ್ರರಿ ಕೌನ್ಸಿಲ್‌ಗಳು ಪ್ರತಿ ವರ್ಷ ಪುಸ್ತಕೋತ್ಸವ ನಡೆಸುತ್ತವೆ. ಹಳ್ಳಿ ಹಳ್ಳಿಯ ಗ್ರಂಥಾಲಯದವರು ತಮ್ಮ ಅನುದಾನ ಹಿಡಿದು ಬಂದು, ಮಳಿಗೆಯಿಂದ ಮಳಿಗೆಗೆ ಸುತ್ತಿ, ತಮಗೆ ಬೇಕಾದದ್ದನ್ನು ತಾವೇ ಆರಿಸಿ ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ. ಆರಿಸುವ ಕೈ ಹಳ್ಳಿಯದು. ಫ್ರಾನ್ಸ್ ಇನ್ನೂ ಮುಂದೆ ಹೋಗಿದೆ. ಹೊಸ ಪುಸ್ತಕದ ಮೇಲೆ ಯಾವ ಅಂಗಡಿಯೂ ಶೇ. 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ ಎಂದು 1981ರಲ್ಲೇ ಕಾಯ್ದೆ ಮಾಡಿದರು. ಗ್ರಂಥಾಲಯಗಳಿಗೆ ಕೊಡುವ ರಿಯಾಯಿತಿಗೂ 2003ರಲ್ಲಿ ಶೇ. 9ರ ಮಿತಿ ಹಾಕಿದರು. ದೊಡ್ಡ ಸರಬರಾಜುದಾರರು ರಿಯಾಯಿತಿಯ ಆಸೆ ತೋರಿಸಿ ಗ್ರಂಥಾಲಯಗಳನ್ನು ಸೆಳೆದುಕೊಳ್ಳುವುದು ತಪ್ಪಿತು, ಊರಿನ ಅಂಗಡಿಗೂ ಸರಿಸಮನಾಗಿ ನಿಲ್ಲಲು ಜಾಗ ಸಿಕ್ಕಿತು. ಅಷ್ಟು ದೊಡ್ಡ ಕಾಯ್ದೆಯನ್ನು ನಾನು ಕೇಳುತ್ತಿಲ್ಲ, ಕೇಳಿದರೂ ದೆಹಲಿ ಕೊಡುವುದಿಲ್ಲ.

ನಮಗೆ ಹೊಸ ಕಾಯ್ದೆಯೇ ಬೇಕಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲೇ ನಗರ ಗ್ರಂಥಾಲಯ ಪ್ರಾಧಿಕಾರ, ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳಿಗೆ ಸ್ಥಾನ ಕೊಟ್ಟಿದೆ. ಅಂದಿನವರು ಎಲ್ಲವನ್ನೂ ಬೆಂಗಳೂರಿನಿಂದಲೇ ಹಂಚಬೇಕೆಂದು ಬಯಸಿದ್ದರೆ ಇವುಗಳನ್ನು ಬರೆಯುತ್ತಲೇ ಇರಲಿಲ್ಲ. ಹಳ್ಳಿಗಳ ಮಟ್ಟಿಗೆ ಒಂದು ತೊಡಕಿದೆ: ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು, ಈಗ ಅರಿವು ಕೇಂದ್ರಗಳಾಗಿವೆ. ಆದ್ದರಿಂದ ಈ ಪತ್ರದ ಒಂದು ಪ್ರತಿ ಆ ಸಚಿವರಿಗೂ ಹೋಗುತ್ತಿದೆ. 2020ರ ನವೆಂಬರ್‌ನಲ್ಲಿ ಆ ಇಲಾಖೆ ‘ಓದುವ ಬೆಳಕು’ ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟದ್ದು ಒಳ್ಳೆಯ ಕೆಲಸ, ಮನಸ್ಸಿನಿಂದ ಹೇಳುತ್ತೇನೆ. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಮಕ್ಕಳು ಗ್ರಂಥಾಲಯದ ಮೆಟ್ಟಿಲು ಹತ್ತಿದರು. ಆ ಮಕ್ಕಳೇ ಇಂದು ಚೀಟಿ ಬರೆಯುತ್ತಿರುವುದು. ಬಾ ಎಂದು ಕರೆದವರು ಬಂದವರ ಚೀಟಿಯನ್ನೂ ಓದಬೇಕಲ್ಲವೇ? ಇಷ್ಟು ಸಾವಿರ ಗ್ರಂಥಾಲಯಗಳಿಗೆ ಒಂದು ಪುಸ್ತಕದ 300 ಪ್ರತಿ ಯಾವ ಮೂಲೆಗೆ ಸಾಕು ಎಂಬ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ.

ಭ್ರಷ್ಟಾಚಾರವಾಗುತ್ತದೆ ಎನ್ನುತ್ತೀರಿ. ಅಂಗಡಿಯವನೂ ಗ್ರಂಥಪಾಲಕನೂ ಕೈ ಕುಲುಕಿ ಕಮಿಷನ್ ಹಂಚಿಕೊಳ್ಳುತ್ತಾರೆ, ಅದಕ್ಕೇ ಎಲ್ಲವನ್ನೂ ಕೇಂದ್ರ ಕಚೇರಿಯಿಂದ ಮಾಡುತ್ತೇವೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಕಥೆ ಇದು. ಹತ್ತು ಸಾವಿರದ ಖರೀದಿಯಲ್ಲಿ ಆಗಬಹುದಾದ ಕಳ್ಳತನ ಎಷ್ಟು ದೊಡ್ಡದು, ಕೋಟಿಗಳ ಖರೀದಿಯಲ್ಲಿ ಆಗಬಹುದಾದದ್ದು ಎಷ್ಟು? ಕೊಂಡ ಪುಸ್ತಕಗಳ ಪಟ್ಟಿಯನ್ನು ಬೆಲೆ ಸಮೇತ ಗ್ರಂಥಾಲಯದ ಬಾಗಿಲಿಗೆ ಅಂಟಿಸಿದರೆ ಊರೇ ಲೆಕ್ಕಪರಿಶೋಧಕ. ಅಚ್ಚಾದ ಮುಖಬೆಲೆ, ಅದರ ಮೇಲೆ ಎಲ್ಲ ಅಂಗಡಿಗೂ ಒಂದೇ ರಿಯಾಯಿತಿ ಎಂದು ನಿಯಮ ಮಾಡಿದರೆ ಚೌಕಾಸಿಗೂ ಅವಕಾಶವಿಲ್ಲ. ಸಣ್ಣ ಮೊತ್ತದ ಖರೀದಿಗೆ ಟೆಂಡರ್ ಬೇಕಿಲ್ಲ ಎಂಬ ವಿನಾಯಿತಿ ಸರ್ಕಾರಿ ಖರೀದಿಗೆಂದು ಇರುವ ನಿಮ್ಮ ಪಾರದರ್ಶಕ ಕಾಯ್ದೆಯಲ್ಲೇ ಇದೆ. ಒಂದು ಮಾತನ್ನು ಮಾತ್ರ ಆದೇಶದಲ್ಲಿ ಬಿಡಿಸಿ ಬರೆಯಿರಿ: ಮಾರುವವನಿಗೆ ಜನ ಒಳಗೆ ಬಂದು ಪುಸ್ತಕ ನೋಡಬಹುದಾದ ಅಂಗಡಿ ಇರಬೇಕು. ಇಲ್ಲದಿದ್ದರೆ ಕುರ್ಚಿ, ಫ್ಯಾನು, ಪುಸ್ತಕ ಮೂರನ್ನೂ ಒಂದೇ ಬಿಲ್ಲಿನಲ್ಲಿ ಸರಬರಾಜು ಮಾಡುವ ಏಜೆನ್ಸಿಗಳು ವಾರದೊಳಗೆ ಹುಟ್ಟಿಕೊಳ್ಳುತ್ತವೆ.

ಪುಸ್ತಕದಂಗಡಿಯೇ ಇಲ್ಲದ ತಾಲ್ಲೂಕುಗಳಿಗೆ ಏನು ಮಾಡುವುದು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಅಂಥವು ಬಹಳ ಇವೆ. ಬೆಂಗಳೂರಿನ ಪ್ರೀಮಿಯರ್ 2009ರಲ್ಲಿ ಮುಚ್ಚಿದಾಗ, ಮಂಗಳೂರಿನ ಅತ್ರಿ 2012ರಲ್ಲಿ ಮುಚ್ಚಿದಾಗ ನಾಡಿನ ಪತ್ರಿಕೆಗಳು ಬರೆದವು, ಓದುಗರು ಮರುಗಿದರು. ಅತ್ರಿಯನ್ನು ನಡೆಸಿದ ಜಿ.ಎನ್. ಅಶೋಕವರ್ಧನರು ಈ ವ್ಯಾಪಾರದ ಒಳಹೊರಗನ್ನು ಮುಲಾಜಿಲ್ಲದೆ ಬರೆದಿಟ್ಟಿದ್ದಾರೆ, ನಿಮ್ಮ ಅಧಿಕಾರಿಗಳು ಓದಬೇಕು. ಸಣ್ಣ ಊರಿನ ಅಂಗಡಿ ಮುಚ್ಚಿದರೆ ಸುದ್ದಿಯಿಲ್ಲ. ಬೇಸಿಗೆ ರಜೆ ಮುಗಿಸಿ ಬಂದವರು ನೋಡಿದರೆ ಅಲ್ಲಿ ಮೊಬೈಲ್ ಕವರ್ ಮಾರುತ್ತಿರುತ್ತಾರೆ. ಆದರೆ ಅಂಥ ಊರುಗಳಲ್ಲೂ ಒಂದು ಸ್ಟೇಷನರಿ ಅಂಗಡಿ ಇದ್ದೇ ಇರುತ್ತದೆ, ನನ್ನ ಅಪ್ಪ ಶುರುಮಾಡಿದ್ದೂ ಸ್ಲೇಟು-ಬಳಪದಿಂದಲೇ. ವರ್ಷಕ್ಕೊಮ್ಮೆ ಗ್ರಂಥಾಲಯದವರು ಬಂದು ಕೊಳ್ಳುತ್ತಾರೆ ಎಂದು ಖಾತ್ರಿಯಾದರೆ ಆ ಅಂಗಡಿಯವನು ಪೆನ್ನುಗಳ ಪಕ್ಕ ಎರಡು ಸಾಲು ಪುಸ್ತಕ ಇಡುತ್ತಾನೆ. ಕಾದಂಬರಿಕಾರ ಗಳಗನಾಥರು ಹಾವೇರಿಯ ಕಡೆಯ ಊರೂರಿಗೆ ಪುಸ್ತಕ ಹೊತ್ತು ನಡೆದು ಮಾರಿದರೆಂದು ವೇದಿಕೆಗಳಲ್ಲಿ ನೆನೆಯುವುದನ್ನು ಸ್ವಲ್ಪ ಕಡಿಮೆ ಮಾಡಿ, ಅವರು ಹೊತ್ತದ್ದನ್ನು ಇಳಿಸಲು ಪ್ರತಿ ಊರಿನಲ್ಲೂ ಒಂದು ಜಾಗ ಮಾಡುವುದು ನಿಮ್ಮಿಂದ ಸಾಧ್ಯ.

ಒಮ್ಮೆಗೇ ರಾಜ್ಯವೆಲ್ಲ ಬೇಡ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ನಾಲ್ಕೂ ವಿಭಾಗಗಳಲ್ಲಿ ಎರಡೆರಡು ತಾಲ್ಲೂಕು ಆರಿಸಿಕೊಳ್ಳಿ, ಒಂದು ಅಂಗಡಿ ಇರುವುದು, ಒಂದು ಇಲ್ಲದ್ದು. ಖರೀದಿ ಹಣದ ಕಾಲುಭಾಗವನ್ನು ಅಲ್ಲಿನ ಗ್ರಂಥಾಲಯಗಳ ಕೈಗೆ ಕೊಡಿ. ಮೇಲ್ವಿಚಾರಕಿಯ ಜೊತೆ ಇಬ್ಬರು ಮಕ್ಕಳು, ಒಬ್ಬ ಶಿಕ್ಷಕರು, ಒಬ್ಬ ಹಿರಿಯ ಓದುಗರು ಬಂದು ಆರಿಸಲಿ. ಮಕ್ಕಳು ಬರಲೇಬೇಕು, ಅದು ನನ್ನ ಹಟ. ಬಿಲ್ ಕೊಟ್ಟ ಅರವತ್ತು ದಿನಗಳಲ್ಲಿ ಹಣ ಬರಲಿ. ಸರ್ಕಾರಕ್ಕೆ ಉದ್ರಿ ಕೊಟ್ಟು ಮೂರು ವರ್ಷ ಕಾಯುವ ಶಕ್ತಿ ದೊಡ್ಡ ಗುತ್ತಿಗೆದಾರರಿಗಿರಬಹುದು, ನಮಗಿಲ್ಲ. ವರ್ಷ ಕಳೆದ ಮೇಲೆ ಎರವಲು ದಾಖಲೆ ತೆಗೆದು ನೋಡಿ: ಮೇಲಿನಿಂದ ಬಂದ ಪುಸ್ತಕಗಳು ಎಷ್ಟು ಸಲ ಮನೆಗೆ ಹೋದವು, ಇಲ್ಲಿ ಆರಿಸಿದವು ಎಷ್ಟು ಸಲ. ನನ್ನ ಮಾತು ಸುಳ್ಳಾದರೆ ಯೋಜನೆ ಕೈಬಿಡಿ, ತಕರಾರಿಲ್ಲ.

ಆದೇಶ ಹೊರಡಿಸುವುದಾದರೆ ಮಾರ್ಚ್‌ವರೆಗೆ ಎಳೆಯಬೇಡಿ. ಆರ್ಥಿಕ ವರ್ಷದ ಕೊನೆಯ ವಾರದಲ್ಲಿ ಹೇಗಾದರೂ ಹಣ ಮುಗಿಸಬೇಕೆಂದು ಓಡಿ ಬಂದರೆ, ಮಾರಾಟವಾಗದೆ ಉಳಿದದ್ದನ್ನೆಲ್ಲ ಕಟ್ಟಿ ಕಳಿಸುವ ಚಪಲ ನಮಗೂ ಹುಟ್ಟುತ್ತದೆ. ಜೂನ್ ಪೂರ್ತಿ ನೋಟ್‌ಬುಕ್ಕು-ಗೈಡುಗಳ ನೂಕುನುಗ್ಗಲು, ಅಂಗಡಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಜುಲೈ ಎರಡನೇ ವಾರದ ಹೊತ್ತಿಗೆ ಕಳಿಸಿದರೆ ಒಳ್ಳೆಯದು. ಬೆಳಿಗ್ಗೆ ಹನ್ನೊಂದರ ಬಸ್ಸಿಗೆ ಬಂದರೆ ಮಕ್ಕಳು ಸಂಜೆಯ ಬಸ್ಸಿನವರೆಗೂ ಕೂತು ಆರಿಸಬಹುದು.

ನಮಸ್ಕಾರಗಳೊಂದಿಗೆ,
ತಾಲ್ಲೂಕು ಕೇಂದ್ರವೊಂದರ ಪುಸ್ತಕ ವ್ಯಾಪಾರಿ

ಪ್ರತಿ: ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ